ಮೂಗರ್ಜಿಗೆ ಈಗ ದನಿ ಬಂದಿದೆ

ಅಂಚೆ ಅಕ್ಕನ ಜಗುಲಿ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ನನಗೆ ಸಾಮಾನ್ಯವಾಗಿ ಬರುವುದು ಪಿಂಚಣಿ, ಆಧಾರ್, ಅಂಚೆ ಉಳಿತಾಯದ ಪ್ರಶ್ನೆಗಳು. ಈ ತಿಂಗಳು ಮಾತ್ರ ಒಂಬತ್ತು ಪತ್ರಗಳು ಒಂದೇ ವಿಷಯ ಹಿಡಿದು ಬಂದಿವೆ: ಎಐ, ಅಂದರೆ ಕೃತಕ ಬುದ್ಧಿಮತ್ತೆ, ನಮ್ಮ ಊರು ಮನೆಗಳನ್ನು ಒಡೆಯುತ್ತಿದೆಯಾ ಎಂದು. ಓದಿ ಮನಸ್ಸು ಭಾರವಾಯಿತು. ಹಾಗಾಗಿ ಪಿಂಚಣಿಯ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಇದನ್ನೇ ಎತ್ತಿಕೊಂಡಿದ್ದೇನೆ. ಎಲ್ಲವೂ ಅಕ್ಕಪಕ್ಕದವರ ವಿಷಯ, ಆದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನಮ್ಮೂರಿನ ಹಾಲಿನ ಸೊಸೈಟಿ ಚುನಾವಣೆಗೆ ಎರಡು ದಿನ ಇರುವಾಗ ಎಲ್ಲರ ಫೋನಿಗೂ ಒಂದು ಆಡಿಯೋ ಬಂತು. ಬರೀ ನಲವತ್ತು ಸೆಕೆಂಡಿನದು. ಚುನಾವಣೆಗೆ ನಿಂತ ಒಬ್ಬರ ದನಿ. "ಕೆಳಗಿನ ಕೇರಿಯವರ ಹಾಲಿನಲ್ಲಿ ಹಾಲೆಷ್ಟು, ನೀರೆಷ್ಟು ಅಂತ ನನಗೆ ಗೊತ್ತಿದೆ, ಗೆದ್ದ ಮೇಲೆ ನೋಡಿಕೊಳ್ತೀನಿ" ಎಂದಿದೆ. ಅದು ನನ್ನ ಮಾತಲ್ಲ ಎಂದು ಅವರು ದೇವಸ್ಥಾನದ ಮುಂದೆ ನಿಂತು ಹೇಳಿದರು. ಕೆಳಗಿನ ಕೇರಿಯವರು ನಂಬಲಿಲ್ಲ. ಈ ಸಲ ನಾಟಿಗೆ ಆ ಕಡೆಯಿಂದ ಈ ಕಡೆಗೆ ಒಬ್ಬರೂ ಮುಯ್ಯಾಳು ಬರಲಿಲ್ಲ. ನಾವೂ ಹೋಗಲಿಲ್ಲ. ಅಂಥ ದನಿಯನ್ನು ಎಐ ಮಾಡಬಹುದಾ? ಊರು ಮೊದಲಿನ ಹಾಗೆ ಆಗುವುದು ಹೇಗೆ?
– ಹೊಸನಗರ ತಾಲೂಕಿನ ಒಬ್ಬ ರೈತರು

ಉತ್ತರ: ಮಾಡಬಹುದು, ಅಣ್ಣಾ. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕಂಪನಿಯವರು ಒಂದು ಎಐ ತೋರಿಸಿದರು. ಅದಕ್ಕೆ ಒಬ್ಬರ ದನಿ ಮೂರು ಸೆಕೆಂಡ್ ಕೇಳಿಸಿದರೆ ಸಾಕು, ಅದೇ ದನಿಯಲ್ಲಿ ಹೊಸ ಮಾತು ಆಡಿಸುತ್ತಿತ್ತು. ಈಗ ಆ ಕೆಲಸಕ್ಕೆ ದೊಡ್ಡ ಕಂಪನಿ ಬೇಕಾಗಿಲ್ಲ. ಮದುವೆ ಮನೆಯ ವಿಡಿಯೋದಲ್ಲಿ ಒಬ್ಬರು ಮಾತಾಡಿದ್ದರೆ ಆ ದನಿಯೂ ಆಗುತ್ತದೆ.

ಹೊರದೇಶಗಳಲ್ಲಿ ಇದೇ ನಡೆದಿದೆ. 2023ರ ಸೆಪ್ಟೆಂಬರಿನಲ್ಲಿ ಸ್ಲೊವಾಕಿಯಾದಲ್ಲಿ ಸಾರ್ವತ್ರಿಕ ಚುನಾವಣೆ ಇತ್ತು. ಮತದಾನಕ್ಕೆ ಎರಡು ದಿನ ಉಳಿದಿತ್ತು. ಒಂದು ಪಕ್ಷದ ನಾಯಕ ಮಿಖಾಲ್ ಶಿಮೆಚ್ಕಾ ಅವರು ಒಬ್ಬ ಪತ್ರಕರ್ತೆಯ ಜೊತೆ ಮತ ಕದಿಯುವ ಬಗ್ಗೆ ಮಾತಾಡುವ ಹಾಗಿರುವ ಆಡಿಯೋ ಹರಿದಾಡಿತು. ನಕಲಿ ಎಂದು ಇಬ್ಬರೂ ಹೇಳಿದರು. ಆದರೆ ಮತದಾನಕ್ಕೆ ಮುಂಚಿನ ಮೌನದ ಅವಧಿ ಶುರುವಾಗಿತ್ತು, ಸುಳ್ಳನ್ನು ಬಿಡಿಸಿ ಹೇಳಲು ಸಮಯವೇ ಇರಲಿಲ್ಲ. ಮಾರನೆಯ ವರ್ಷದ ಜನವರಿಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮತದಾರರಿಗೆ ಆಗಿನ ಅಧ್ಯಕ್ಷ ಬೈಡನ್ ಅವರ ದನಿಯಲ್ಲೇ ಫೋನ್ ಬಂತು, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಗೆ ಮತ ಹಾಕಬೇಡಿ ಎಂದು. ಅದನ್ನು ಮಾಡಿಸಿದವನಿಗೆ 60 ಲಕ್ಷ ಡಾಲರ್ ದಂಡ ಬಿತ್ತು. ನಿಮ್ಮೂರಿನ ಆಡಿಯೋ ಕೂಡ ಎರಡೇ ದಿನ ಇರುವಾಗ ಬಂದಿದೆ, ಗಮನಿಸಿ.

ಆದರೆ ನಿಮ್ಮೂರಿನದು ನಕಲಿಯೇ ಎಂದು ಇಲ್ಲಿ ಕೂತು ನಾನು ಹೇಳಿದರೆ ತಪ್ಪಾಗುತ್ತದೆ. ಅವರು ನಿಜವಾಗಿ ಆಡಿರಲೂಬಹುದು. ಕಿವಿಯಿಂದ ಕೇಳಿ ತೀರ್ಮಾನ ಮಾಡುವ ಕಾಲ ಮುಗಿದಿದೆ.

ನನ್ನ ಅನುಭವ ಒಂದು ಹೇಳುತ್ತೇನೆ. ನಾನು 31 ವರ್ಷ ಅಂಚೆ ಇಲಾಖೆಯಲ್ಲಿ ಇದ್ದವಳು. ಮೊದಲ ಕೆಲವು ವರ್ಷ ನಿಮ್ಮ ತಾಲೂಕಿನದೇ ಒಂದು ಹಳ್ಳಿಯಲ್ಲಿ, ನಮ್ಮ ಮನೆಯ ಜಗುಲಿಯೇ ಬ್ರಾಂಚ್ ಪೋಸ್ಟಾಫೀಸು. ಆ ಜಗುಲಿಯಲ್ಲಿ ಕೂತು ನಾನು ಎಷ್ಟೋ ಮೂಗರ್ಜಿಗಳಿಗೆ ಮುದ್ರೆ ಒತ್ತಿದ್ದೇನೆ. ಹೆಸರಿಲ್ಲದ ಪತ್ರ. ಸಂಬಂಧ ಕೆಡಿಸಲು, ಬಡ್ತಿ ತಪ್ಪಿಸಲು, ಜಮೀನಿನ ಜಗಳ ಹೆಚ್ಚಿಸಲು ಬರೆದದ್ದು. ಒಳಗೆ ಏನಿದೆ ಎಂದು ನೋಡುವ ಹಾಗಿಲ್ಲ, ಹೊರಗಿನಿಂದ ಗೊತ್ತಾದರೂ ಬಾಯಿ ಬಿಡುವ ಹಾಗಿಲ್ಲ. ಆದರೆ ಎರಡು ದಿನ ಬಿಟ್ಟು ಆ ಮನೆಯಲ್ಲಿ ಏನಾಯಿತು ಎನ್ನುವುದು ಊರಿಗೇ ತಿಳಿಯುತ್ತಿತ್ತು.

1993ರ ಮಳೆಗಾಲದಲ್ಲಿ ಇಂಥ ಎರಡು ಇನ್‌ಲ್ಯಾಂಡ್ ಪತ್ರ ಎರಡು ಗಂಡಿನ ಮನೆಗೆ ಹೋದವು. ಎರಡೂ ನಿಶ್ಚಯವಾದ ಹುಡುಗಿಯರ ನಡತೆಯ ಬಗ್ಗೆ. ಒಂದು ಮನೆಯವರು ಪತ್ರವನ್ನು ಪತ್ತಾಯದ ಸಂದಿಗೆ ಸಿಕ್ಕಿಸಿ ಸುಮ್ಮನಾದರು. ಮದುವೆ ಮುರಿಯಿತು. ಯಾಕೆ ಎಂದು ಹುಡುಗಿಗೆ ಯಾರೂ ಹೇಳಲಿಲ್ಲ. ಇನ್ನೊಂದು ಮನೆಯ ಯಜಮಾನರು ಪತ್ರವನ್ನು ತಿರುಗಿಸಿ ಮುದ್ರೆ ನೋಡಿದರು. ಒಳಗೆ "ಬೆಂಗಳೂರಿನಿಂದ ನಿಮ್ಮ ಹಿತೈಷಿ" ಎಂದಿತ್ತಂತೆ, ಮೇಲಿನ ಮುದ್ರೆ ನಮ್ಮ ಆಫೀಸಿನದು. ಅವರು ಆ ಮಳೆಯಲ್ಲೇ ಸಂಕ ದಾಟಿ ಹುಡುಗಿಯ ಮನೆಗೆ ಹೋದರು. ಜಗುಲಿಯಲ್ಲಿ ಎಲ್ಲರನ್ನೂ ಕೂರಿಸಿ, ಹುಡುಗಿಯನ್ನೂ ಕರೆದು, ಪತ್ರವನ್ನು ಗಟ್ಟಿಯಾಗಿ ಓದಿದರು. "ಮಗಾ, ಇದಕ್ಕೆ ನೀನು ಏನು ಹೇಳುತ್ತೀ?" ಎಂದು ಕೇಳಿದರು. ಪತ್ರದಲ್ಲಿ ಹೇಳಿದ್ದ ದಿನ ಅವಳು ಕೊಪ್ಪದಲ್ಲಿ ಚಿಕ್ಕಮ್ಮನ ಬಾಣಂತನಕ್ಕೆ ಹೋಗಿದ್ದಳು, ಅದು ಹತ್ತು ಜನಕ್ಕೆ ಗೊತ್ತಿತ್ತು. ಆ ಮದುವೆ ಆಯಿತು.

ಈಗ ಮೂಗರ್ಜಿಗೆ ದನಿ ಬಂದಿದೆ, ಮುಖವೂ ಬಂದಿದೆ. ಅದಕ್ಕೆ ಒತ್ತುವ ಮುದ್ರೆ ಮಾತ್ರ ಇಲ್ಲ. ಯಾವ ಊರಿನ ಡಬ್ಬಿಗೆ ಬಿತ್ತು ಎಂದು ತಿರುಗಿಸಿ ನೋಡಲು ಬರುವುದಿಲ್ಲ. ನನ್ನನ್ನು ಕಾಡುವುದು ಇದೇ.

ಹಾಗಾಗಿ ಆ ಯಜಮಾನರು ಮಾಡಿದ್ದನ್ನೇ ನೀವೂ ಮಾಡಿ ನೋಡಿ. ಒಂದು ಭಾನುವಾರ ಸೊಸೈಟಿ ಕಟ್ಟಡದಲ್ಲಿ ಎರಡೂ ಕಡೆಯವರು ಸೇರಿ. ಆ ಅಭ್ಯರ್ಥಿಯೂ ಇರಲಿ. ಆಡಿಯೋವನ್ನು ಎಲ್ಲರ ಎದುರು ಒಂದೇ ಸಲ ಹಾಕಿ. ಅವರ ಉತ್ತರ ಕೇಳಿ. ಆಮೇಲೆ ಪ್ರತಿಯೊಬ್ಬರೂ ಫೋನ್ ತೆಗೆದು, "ನನಗೆ ಇದನ್ನು ಕಳಿಸಿದ್ದು ಇಂಥವರು, ಇಂಥ ಹೊತ್ತಿಗೆ" ಎಂದು ಹೇಳಲಿ. ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೀಗೆ ಹಿಂದೆ ಹಿಂದೆ ಹೋದರೆ ಮೊದಲು ಕಳಿಸಿದವರ ಹತ್ತಿರಕ್ಕೆ ಬರುತ್ತೀರಿ. ಅದು ಯಾರೋ ಕಾಲೇಜು ಹುಡುಗ ಆಗಿದ್ದರೆ ದಯವಿಟ್ಟು ಕೈ ಮಾಡಬೇಡಿ. ದೂರು ಕೊಡುವುದಾದರೆ ಸೈಬರ್ ಅಪರಾಧ ನೋಡಿಕೊಳ್ಳುವ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆ ಇದೆ. ಆಡಿಯೋ ಅಳಿಸದೆ, ಬಂದ ಫೋನನ್ನೇ ತೆಗೆದುಕೊಂಡು ಹೋಗಿ. ಅಡಿಕೆ ಕೊನೆ ಕೊಯ್ಲು ಶುರುವಾಗುವ ಮೊದಲೇ ಈ ಕೆಲಸ ಆಗಲಿ. ಅಡಿಕೆ ಸುಲಿಯಲು ಕೂರುವಾಗ ಮನೆಯಲ್ಲಿ ನಾಲ್ಕು ಜನ ಇರಬೇಕು, ಅಲ್ವಾ?

ಪ್ರಶ್ನೆ: ನಮ್ಮ ತೋಟದ ಅಂಚಿನಲ್ಲಿ ಕಾಡಾನೆ ನಿಂತಿದ್ದ ಫೋಟೋ ನಾನೇ ತೆಗೆದೆ. ಗ್ರೂಪಿಗೆ ಹಾಕಿದರೆ "ಎಐ ಫೋಟೋ, ಯಾರನ್ನು ಹೆದರಿಸ್ತೀಯ" ಎಂದು ನಕ್ಕರು. ಮರುದಿನ ಪಕ್ಕದ ಮನೆಯ ಬಾಳೆ ಪೂರ್ತಿ ನೆಲಕ್ಕೆ. ಈಗ ಅವರು ನಾನು ಸರಿಯಾಗಿ ಹೇಳಲಿಲ್ಲ ಎಂದು ಸಿಟ್ಟಾಗಿದ್ದಾರೆ.
– ತೀರ್ಥಹಳ್ಳಿ ತಾಲೂಕಿನ ಯುವಕ

ಉತ್ತರ: ನಿನ್ನ ತಪ್ಪು ಏನೂ ಇಲ್ಲ ತಮ್ಮಾ. ನಕಲಿ ಹೆಚ್ಚಾದ ಹಾಗೆ ನಿಜವನ್ನು ನಂಬದ ರೋಗವೂ ಹೆಚ್ಚುತ್ತದೆ. ರಾಬರ್ಟ್ ಚೆಸ್ನಿ ಮತ್ತು ಡೇನಿಯಲ್ ಸಿಟ್ರಾನ್ ಎಂಬ ಅಮೆರಿಕದ ಇಬ್ಬರು ಕಾನೂನು ಪ್ರಾಧ್ಯಾಪಕರು ಇದನ್ನು ಚಾಟ್‌ಜಿಪಿಟಿ ಬರುವುದಕ್ಕೂ ಎಷ್ಟೋ ಮುಂಚೆ ಗುರುತಿಸಿದ್ದರು. ಸುಳ್ಳುಗಾರನಿಗೆ ಸಿಗುವ ಲಾಭ ಎಂದು ಅದನ್ನು ಕರೆದರು. ಲಂಚ ತೆಗೆದುಕೊಂಡವನ ನಿಜವಾದ ವಿಡಿಯೋ ಸಿಕ್ಕರೂ "ಅದು ಎಐ" ಎಂದು ಅವನು ಕೈ ತೊಳೆದುಕೊಳ್ಳಬಹುದು. ನಿನ್ನ ವಿಷಯದಲ್ಲಿ ಅದೇ ಅನುಮಾನಕ್ಕೆ ಬಾಳೆ ತೋಟ ಹೋಯಿತು. ಮುಂದಿನ ಸಲ ಗ್ರೂಪಿಗೆ ಹಾಕುವ ಮುಂಚೆ ಪಕ್ಕದ ಮನೆಯವರಿಗೆ ಫೋನ್ ಮಾಡು. ನಿನ್ನ ದನಿ ಕೇಳಿ, ತಿರುಗಿ ನಾಲ್ಕು ಪ್ರಶ್ನೆ ಕೇಳಲು ಅವರಿಗೆ ಆಗುತ್ತದೆ. ಅರಣ್ಯ ಇಲಾಖೆ ಕಚೇರಿಗೂ ಆಗಲೇ ತಿಳಿಸು.

ಪ್ರಶ್ನೆ: ಅಕ್ಕಾ, ನನ್ನ ಗಂಡ ಮತ್ತು ಮೈದುನರ ನಡುವೆ ತೋಟದ ಪಾಲಿನ ಜಗಳ. ಸೊಪ್ಪಿನಬೆಟ್ಟವೂ ಅದರಲ್ಲಿ ಸೇರಿದೆ. ಮಾವ ತೀರಿಕೊಂಡು ಆರು ವರ್ಷವಾಯಿತು. ನಾದಿನಿ ಹೊನ್ನಾವರಕ್ಕೆ ಮದುವೆಯಾಗಿ ಹೋಗಿದ್ದಾರೆ. ಮೊದಲು ಊರ ಹಿರಿಯರನ್ನು ಕೇಳುತ್ತಿದ್ದರು. ಈಗ ಇಬ್ಬರೂ ರಾತ್ರಿ ಫೋನಿನಲ್ಲಿ ಎಐ ಕೇಳುತ್ತಾರೆ. ಬೆಳಿಗ್ಗೆ ಎದ್ದು ಇವರು "ನನ್ನದೇ ನ್ಯಾಯ ಅಂತ ಅದೇ ಹೇಳಿದೆ" ಎನ್ನುತ್ತಾರೆ. ಮೈದುನರೂ ಅದನ್ನೇ ಹೇಳುತ್ತಾರೆ. ಒಂದೇ ಯಂತ್ರ ಇಬ್ಬರಿಗೂ ಹೌದು ಎನ್ನುವುದು ಹೇಗೆ?
– ಸಾಗರ ತಾಲೂಕಿನ ಗೃಹಿಣಿ

ಉತ್ತರ: ತಂಗೀ, ನಿನ್ನ ಪತ್ರ ಓದಿ ನಾನೇ ಒಂದು ಪರೀಕ್ಷೆ ಮಾಡಿದೆ. ಮೊದಲು ಹೀಗೆ ಬರೆದೆ: "ನಾನು ಹಿರಿಯ ಮಗ. 20 ವರ್ಷ ತೋಟಕ್ಕೆ ದುಡಿದೆ. ತಮ್ಮ ಬೆಂಗಳೂರಿನಲ್ಲಿದ್ದ, ಈಗ ಬಂದು ಅರ್ಧ ಕೇಳುತ್ತಾನೆ." ನಿಮ್ಮ ದುಡಿಮೆಗೆ ಬೆಲೆ ಸಿಗಬೇಕು, ನಿಮ್ಮ ನೋವು ಸಹಜ ಎಂದು ಅದು ಬಹಳ ಮೃದುವಾಗಿ ಹೇಳಿತು. ಆಮೇಲೆ ಬೇರೆಯಾಗಿ ಹೀಗೆ ಬರೆದೆ: "ನಾನು ಕಿರಿಯ ಮಗ. 20 ವರ್ಷ ತೋಟದ ಆದಾಯವನ್ನು ಅಣ್ಣನೇ ಇಟ್ಟುಕೊಂಡ, ಲೆಕ್ಕ ಕೊಡಲಿಲ್ಲ." ಲೆಕ್ಕ ಕೇಳುವುದು ನಿಮ್ಮ ಹಕ್ಕು, ನಿಮಗೆ ಅನ್ಯಾಯ ಆದ ಹಾಗೆ ಕಾಣುತ್ತದೆ ಎಂದಿತು. ಎರಡೂ ಉತ್ತರದಲ್ಲಿ ಸುಳ್ಳು ಇರಲಿಲ್ಲ. ನಾನು ಎಷ್ಟು ಹೇಳಿದೆನೋ ಅಷ್ಟರ ಮೇಲೆ ಅದು ಕಟ್ಟಿತು.

ಇದಕ್ಕೆ ಕಾರಣ ಇದೆ. ಈ ಯಂತ್ರಗಳನ್ನು ಪಳಗಿಸುವಾಗ ಅವುಗಳ ಉತ್ತರಗಳನ್ನು ಜನರಿಗೆ ತೋರಿಸಿ, ಯಾವುದು ಚೆನ್ನಾಗಿದೆ ಎಂದು ಕೇಳುತ್ತಾರೆ. ಜನ ಹೆಚ್ಚಾಗಿ ತಮಗೆ ಹಿತವಾದ ಉತ್ತರಕ್ಕೇ ಅಂಕ ಕೊಡುತ್ತಾರೆ. ಯಂತ್ರ ಅದನ್ನು ಕಲಿಯುತ್ತದೆ. 2025ರ ಏಪ್ರಿಲಿನಲ್ಲಿ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ಒಂದು ಹೊಸ ಆವೃತ್ತಿ ಬಿಟ್ಟಿತು. ಅದು ಯಾರು ಏನು ಹೇಳಿದರೂ ಹೊಗಳುತ್ತಿತ್ತು. ಜನರ ದೂರು ಹೆಚ್ಚಾಗಿ, ಕೆಲವೇ ದಿನಕ್ಕೆ ಕಂಪನಿಯೇ ಅದನ್ನು ವಾಪಸ್ ತೆಗೆದುಕೊಂಡಿತು. ಅಷ್ಟು ಎದ್ದು ಕಾಣದಿದ್ದರೂ, ತಲೆದೂಗುವ ಆ ಗುಣ ಇನ್ನೂ ಪೂರ್ತಿ ಹೋಗಿಲ್ಲ. ನನ್ನ ಪರೀಕ್ಷೆಯಲ್ಲೇ ಕಂಡಿತಲ್ಲ.

ನಕಲಿ ವಿಡಿಯೋಗಿಂತ ನನಗೆ ಇದರ ಭಯ ಜಾಸ್ತಿ. ನಕಲಿ ಎಂದಾದರೂ ಸಿಕ್ಕಿಬೀಳುತ್ತದೆ. ಇದು ಹಾಗಲ್ಲ. ಪ್ರತಿಯೊಬ್ಬರ ಜೇಬಿನಲ್ಲೂ ಅವರವರ ಪರವಾದ ಒಬ್ಬ ವಕೀಲ ಕೂತಿದ್ದಾನೆ, ಎದುರಿನ ವಾದವನ್ನು ಅವನು ಕೇಳಿಯೇ ಇಲ್ಲ. ನಮ್ಮ ಜಗುಲಿಗೆ ಒಂದೇ ದಿನಪತ್ರಿಕೆ ಬರುತ್ತಿತ್ತು, ಹತ್ತು ಗಂಟೆಯ ಬಸ್ಸಿಗೆ. ಅದನ್ನು ಊರಿನ ಅರ್ಧ ಜನ ಓದುತ್ತಿದ್ದರು. ಅದರ ಮೇಲೆ ಏರುದನಿಯಲ್ಲಿ ಜಗಳ ಆಗುತ್ತಿತ್ತು. ಆದರೆ ಎಲ್ಲರೂ ಬೆರಳಿಟ್ಟು ತೋರಿಸುತ್ತಿದ್ದುದು ಅದೇ ಸಾಲನ್ನು.

ಇನ್ನು ನಿಮ್ಮ ಮನೆಯ ವಿಷಯ. ಇಬ್ಬರನ್ನೂ ಒಂದೇ ಮಣೆಯ ಹತ್ತಿರ ಕೂರಿಸು. ಪಹಣಿ, ಹಳೆಯ ಪಾಲುಪಟ್ಟಿ ಇದ್ದರೆ ಅದು, ತೋಟದ ಖರ್ಚಿನ ಪುಸ್ತಕ ಎದುರಿಗೆ ಇರಲಿ. ಎಐ ಕೇಳಲೇಬೇಕು ಎಂದರೆ ಒಂದೇ ಫೋನಿನಲ್ಲಿ, ಇಬ್ಬರೂ ಒಪ್ಪಿದ ಮಾತುಗಳಲ್ಲಿ ಕೇಳಲಿ. "ನಾನು" ಎಂಬ ಪದ ಬೇಡ. ಹಿರಿಯ ಮಗ, ಕಿರಿಯ ಮಗ ಎಂದು ಬರೆಯಲಿ.

ಹಾಗೆ ಬರೆಯಲು ಕೂತರೆ ಇನ್ನೊಂದು ವಿಷಯ ತಾನಾಗಿ ಹೊರಗೆ ಬರುತ್ತದೆ. ನಿನ್ನ ನಾದಿನಿ. ಅವರ ವಿಷಯವನ್ನು ಅಣ್ಣ ತಮ್ಮ ಇಬ್ಬರೂ ಯಂತ್ರಕ್ಕೆ ಹೇಳಿದ ಹಾಗೆ ಕಾಣುವುದಿಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಹೇಳದೆ ಇದ್ದುದನ್ನು ಯಂತ್ರ ಹೇಗೆ ಲೆಕ್ಕಕ್ಕೆ ಹಿಡಿಯುತ್ತದೆ? ಸೊಪ್ಪಿನಬೆಟ್ಟ ಕೂಡ ಸರ್ಕಾರದ ಜಾಗ, ತೋಟಕ್ಕೆ ಸೊಪ್ಪು, ದರಗು ತರುವ ಸವಲತ್ತು ಮಾತ್ರ ನಿಮ್ಮದು. ಅದನ್ನು ಮಾಲೀಕರ ಹಾಗೆ ಹಂಚಿಕೊಳ್ಳಲು ಬರುವುದಿಲ್ಲ. ಕೊನೆಯ ಮಾತು ತಾಲೂಕಿನ ಒಬ್ಬ ವಕೀಲರದಾಗಲಿ. ಹೊನ್ನಾವರದಿಂದ ನಾದಿನಿಯನ್ನೂ ಕರೆಸಿ.

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದೇನೆ. ನನ್ನ ಫೋನಿನಲ್ಲಿ ಪಶ್ಚಿಮಘಟ್ಟ ಉಳಿಸಿ ಎಂಬ ವಿಡಿಯೋಗಳೇ ಬರುತ್ತವೆ. ಅಪ್ಪನ ಫೋನಿನಲ್ಲಿ ಘಟ್ಟದ ರಕ್ಷಣೆಗೆ ಸರ್ಕಾರದ ಸಮಿತಿಗಳು ಕೊಟ್ಟ ಗಾಡ್ಗೀಳ್, ಕಸ್ತೂರಿರಂಗನ್ ವರದಿ ಜಾರಿಗೆ ಬಂದರೆ ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ ಎಂಬ ವಿಡಿಯೋಗಳೇ. ರಜೆಗೆ ಮನೆಗೆ ಹೋದರೆ ಊಟಕ್ಕೆ ಕೂತಲ್ಲೇ ಜಗಳ. ಹೋದ ಸಲ ಅಪ್ಪ ತಟ್ಟೆ ಬಿಟ್ಟು ಎದ್ದರು. ಇದೂ ಎಐ ಕೆಲಸವಾ?
– ಒಬ್ಬ ವಿದ್ಯಾರ್ಥಿನಿ

ಉತ್ತರ: ಹೌದು ಮಗಳೇ. ಮಾತಾಡುವ ಎಐ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿಯಿಂದ ಮನೆಮಾತಾಯಿತು. ಆದರೆ ಯಾರಿಗೆ ಯಾವ ವಿಡಿಯೋ ತೋರಿಸಬೇಕು ಎಂದು ಆರಿಸುವ ಎಐ ಅದಕ್ಕೂ ಎಷ್ಟೋ ವರ್ಷ ಮೊದಲೇ ನಮ್ಮ ಫೋನಿನಲ್ಲಿತ್ತು. ಅದಕ್ಕೆ ಕಾಡೂ ಗೊತ್ತಿಲ್ಲ, ತೋಟವೂ ಗೊತ್ತಿಲ್ಲ. ಯಾವುದನ್ನು ನೋಡುತ್ತಾ ನೀನು ಜಾಸ್ತಿ ಹೊತ್ತು ಕೂರುತ್ತೀಯ ಎನ್ನುವುದು ಗೊತ್ತು. 2017ರಿಂದ ಫೇಸ್‌ಬುಕ್‌ನಲ್ಲಿ ಒಂದು ಲೈಕಿಗೆ ಒಂದು ಅಂಕವಾದರೆ, ಕೋಪದ ಮುಖವೂ ಸೇರಿ ಉಳಿದ ಭಾವನೆಯ ಗುರುತುಗಳಿಗೆ ಐದು ಅಂಕ ಇತ್ತು. ಅಂಕ ಹೆಚ್ಚಾದದ್ದು ಹೆಚ್ಚು ಜನಕ್ಕೆ ಕಾಣುತ್ತಿತ್ತು. ಇದು 2021ರಲ್ಲಿ ಕಂಪನಿಯ ಒಳಗಿನ ಕಾಗದಪತ್ರಗಳಿಂದ ಹೊರಬಿತ್ತು. ಆ ಕಾಗದಗಳನ್ನು ಹೊರಗೆ ತಂದದ್ದು ಅಲ್ಲೇ ಕೆಲಸ ಮಾಡುತ್ತಿದ್ದ ಫ್ರಾನ್ಸೆಸ್ ಹೌಗೆನ್ ಎಂಬ ಹೆಣ್ಣುಮಗಳು.

ಎಲ್ಲ ತಪ್ಪನ್ನೂ ಯಂತ್ರದ ಮೇಲೆ ಹಾಕಲೂ ಬರುವುದಿಲ್ಲ. 2018ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಟ್ವಿಟರಿನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ನೋಡಿದರು. ಸುಳ್ಳು ಸುದ್ದಿಯನ್ನು ಜನ ಮುಂದಕ್ಕೆ ಕಳಿಸುವ ಸಾಧ್ಯತೆ ನಿಜ ಸುದ್ದಿಗಿಂತ ಶೇ. 70ರಷ್ಟು ಹೆಚ್ಚಿತ್ತು. ಯಂತ್ರವೇ ನಡೆಸುವ ಖಾತೆಗಳನ್ನು ತೆಗೆದು ನೋಡಿದರೂ ಅಷ್ಟೇ ಬಂತು. ಹಾಗಾದರೆ ಬೆರಳು ಒತ್ತಿದವರು ನಮ್ಮ ನಿಮ್ಮಂಥವರೇ.

ನಿನ್ನ ಅಪ್ಪನ ಭಯಕ್ಕೆ ಬೇರು ಇದೆ, ಅದನ್ನು ನೀನು ತಿಳಿಯಬೇಕು. ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಊರು, ಗದ್ದೆ, ದೇವಸ್ಥಾನ ಮುಳುಗಿ ಎದ್ದು ಬಂದ ಕುಟುಂಬಗಳು ತಾವು ಉಳುತ್ತಿರುವ ನೆಲದ ಹಕ್ಕಿಗಾಗಿ ಇವತ್ತಿಗೂ ಕಚೇರಿ ಅಲೆಯುತ್ತಿವೆ. ಪೋಸ್ಟಾಫೀಸಿನಲ್ಲಿ ಅವರ ಅರ್ಜಿಗಳ ರಿಜಿಸ್ಟರ್ ಲಕೋಟೆಗಳನ್ನು ನಾನು ಎಷ್ಟೋ ಸಲ ತೂಕ ಮಾಡಿ ರಶೀದಿ ಕೊಟ್ಟಿದ್ದೇನೆ. "ನಿಮ್ಮನ್ನು ಎಬ್ಬಿಸುತ್ತಾರೆ" ಎಂಬ ವಿಡಿಯೋ ಮಲೆನಾಡಿನವರಿಗೆ ತಟ್ಟನೆ ತಾಗುವುದು ಆ ಹಳೆಯ ಗಾಯ ಇರುವುದರಿಂದಲೇ. ಅದನ್ನು ಮುಟ್ಟಿದರೆ ಜನ ನೋಡುತ್ತಾ ಕೂರುತ್ತಾರೆ ಎಂದು ಯಂತ್ರ ಲೆಕ್ಕದಿಂದ ಕಂಡುಕೊಳ್ಳುತ್ತದೆ.

ನಿನ್ನ ಕಡೆಯೂ ಪೂರ್ತಿ ಸರಿ ಎನ್ನಲಾರೆ. ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಕಸ್ತೂರಿರಂಗನ್ ಸಮಿತಿ 2013ರಲ್ಲಿ. ಎರಡೂ ಇಂಗ್ಲಿಷಿನಲ್ಲಿ, ದಪ್ಪ ದಪ್ಪ ಪುಟಗಳು. ಅದರ ಪರ ಕೂಗಿದವರೂ ವಿರುದ್ಧ ಕೂಗಿದವರೂ ಹೆಚ್ಚಿನವರು ಓದಿಲ್ಲ. ಯಾವ ಜಾಗ ಯಾವ ವಲಯಕ್ಕೆ ಎಂಬುದನ್ನು ಗ್ರಾಮಸಭೆಗಳ ಜೊತೆ ಚರ್ಚಿಸಿಯೇ ನಿರ್ಧರಿಸಬೇಕು ಎಂದು ಗಾಡ್ಗೀಳ್ ವರದಿಯಲ್ಲಿದೆ. ನಿನ್ನ ವಿಡಿಯೋಗಳಲ್ಲಿ ಅದು ಬಂತಾ? ಅಪ್ಪನ ವಿಡಿಯೋಗಳಲ್ಲಿ? ಮುಂದಿನ ರಜೆಗೆ ಆ ಭಾಗದ ಎರಡೇ ಎರಡು ಪುಟ ಕನ್ನಡಕ್ಕೆ ಮಾಡಿಕೊಂಡು ಹೋಗು. ಬೇಕಾದರೆ ಎಐ ಸಹಾಯ ತೆಗೆದುಕೋ, ಆದರೆ ಸಾಲು ಸಾಲಾಗಿ ಮೂಲದ ಜೊತೆ ಹೋಲಿಸು. ಅಪ್ಪನಿಗೆ ಓದಿ ಹೇಳು. ಊಟದ ಹೊತ್ತಲ್ಲಿ ಬೇಡ. ಆಮೇಲೂ ಅವರು ಒಪ್ಪದಿದ್ದರೆ ಒಪ್ಪದಿರಲಿ.

ಎಲ್ಲರೂ ಒಂದೇ ಅಭಿಪ್ರಾಯಕ್ಕೆ ಬರಬೇಕು ಎಂದು ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯಲ್ಲಿ ಒಡಕು ಹೊಸದಲ್ಲ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಜಮೀನಿನ ಒಡೆಯರ ಎದುರು ಎದ್ದು ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೆ ಒಳಗಾದರು. ಆ ಜಗಳ ಆಗಬೇಕಾದ ಜಗಳ. ಅದು ಹೊತ್ತಿಕೊಂಡದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಒಂದೇ ಅಳತೆಯ ಕೊಳಗ ಇರಲಿ ಎಂಬುದು ಅವರ ಬೇಡಿಕೆ. ಯಾರ ಮಾತು ಯಾರದು ಎಂದು ಎರಡೂ ಕಡೆಗೆ ಗೊತ್ತಿತ್ತು, ಮುಖ ಎದುರಿಗಿತ್ತು. ನಿನ್ನ ಮನೆಯಲ್ಲಿ ಈಗ ಎರಡು ಕೊಳಗ ಇದೆ ಮಗಳೇ, ಎರಡನ್ನೂ ದೂರದಲ್ಲಿ ಯಾರೋ ಮಾಡಿ ಕಳಿಸಿದ್ದಾರೆ.

ಪ್ರಶ್ನೆ: ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬದ ಮೆರವಣಿಗೆಯ ಮೇಲೆ ಕಲ್ಲು ಬೀಳುವ ಫೋಟೋ ಬಂತು. ನಮ್ಮದೇ ಊರು ಎಂದು ಬರೆದಿತ್ತು. ನಾನು ದೊಡ್ಡದು ಮಾಡಿ ನೋಡಿದೆ. ಹಿಂದಿನ ಅಂಗಡಿಯ ಬೋರ್ಡಿನಲ್ಲಿ ಕನ್ನಡದ ಹಾಗೆ ಕಾಣುವ ಅಕ್ಷರ ಇತ್ತು, ಆದರೆ ಒಂದೂ ಕನ್ನಡ ಅಕ್ಷರ ಅಲ್ಲ. ನಕಲಿ ಎಂದು ಗೊತ್ತಾಯಿತು. ಹೇಳಲು ಧೈರ್ಯ ಬರಲಿಲ್ಲ. ಯಾವ ಕಡೆಯವಳು ಎಂದು ಕೇಳುತ್ತಾರೆ. ನಮ್ಮ ಎದುರು ಮನೆಯ ಟೈಲರ್ ಸಾಹೇಬರು ಅವತ್ತು ಅಂಗಡಿ ಬೇಗ ಮುಚ್ಚಿ ಹೋದರು. ಅದು ಮನಸ್ಸಿನಿಂದ ಹೋಗುತ್ತಿಲ್ಲ.
– ಶಿವಮೊಗ್ಗದ ಓದುಗರು

ಉತ್ತರ: ನೀವು ಸರಿಯಾಗಿ ನೋಡಿದಿರಿ. ಚಿತ್ರ ಬರೆಯುವ ಎಐಗಳು ಕನ್ನಡ ಅಕ್ಷರದಲ್ಲಿ ಎಡವುವುದು ಇನ್ನೂ ಇದೆ. ನಾಳೆ ಎಡವುವುದಿಲ್ಲ, ಆ ಗುರುತನ್ನೇ ನಂಬಿ ಕೂರಬೇಡಿ.

ನೀವು ಮಾತಾಡಬೇಕಿತ್ತಾ ಎಂಬುದು ನಿಮ್ಮ ಪತ್ರದ ಒಳಗಿನ ಪ್ರಶ್ನೆ. ಹೌದು, ಮಾತಾಡಬೇಕಿತ್ತು. ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ನಾನೂ ಒಂದು ಸಲ ತಪ್ಪು ಮಾಡಿದ್ದೇನೆ. ಶಾಲೆಯ ಹಿಂದೆ ಚಿರತೆ ಕೂತ ಫೋಟೋ ಬಂದಾಗ ಯೋಚಿಸದೆ ಮೂರು ಗ್ರೂಪಿಗೆ ಕಳಿಸಿದೆ. ಎರಡು ದಿನ ಮಕ್ಕಳು ಶಾಲೆಗೆ ಬರಲಿಲ್ಲ. ಫೋಟೋ ಎಐ ಮಾಡಿದ್ದು. ಶಾಲೆಗೆ ಹೋಗಿ ಹೆಡ್ ಮೇಷ್ಟ್ರ ಎದುರು ಒಪ್ಪಿಕೊಂಡು, ಅದೇ ಮೂರು ಗ್ರೂಪಿನಲ್ಲಿ ನನ್ನ ತಪ್ಪು ಎಂದು ಬರೆದೆ. ಯಾರೂ ನನ್ನನ್ನು ಬೈಯಲಿಲ್ಲ.

ಸುಮ್ಮನಿದ್ದರೆ ಏನಾಗುತ್ತದೆ ಎಂದು ನಮ್ಮ ರಾಜ್ಯ ಎರಡು ಸಲ ನೋಡಿದೆ. ಎರಡರಲ್ಲೂ ಎಐ ಇರಲಿಲ್ಲ. 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಸಾವಿರಾರು ಜನ ಎಸ್‌ಎಂಎಸ್ ಗಾಳಿಸುದ್ದಿಗೆ ಹೆದರಿ ರೈಲು ಹತ್ತಿದರು. ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಕೇಂದ್ರ ಸರ್ಕಾರ ಕೆಲವು ದಿನ ತಡೆ ಹಾಕಬೇಕಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರು ಎಂದು ವಾಟ್ಸಾಪಿನಲ್ಲಿ ಹರಡಿದರು. ಜನ ಗುಂಪು ಕಟ್ಟಿ ಹೊಡೆದರು. ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರ್ ಸತ್ತುಹೋದರು. ಎಐ ಇಲ್ಲದ ಸುಳ್ಳಿಗೇ ಇಷ್ಟು ಬಲ ಇತ್ತು. ಅದಕ್ಕೆ ಎಐ ಮಾಡಿದ ನಮ್ಮ ಬೀದಿಯ ಚಿತ್ರ, ನಮ್ಮವರದೇ ದನಿ ಸೇರಿದರೆ ಹೇಗಿರುತ್ತದೆ ಎಂದು ಯೋಚಿಸಿ ನನಗೆ ನಿದ್ದೆ ಬಾರದ ದಿನ ಇದೆ.

ಗ್ರೂಪಿನಲ್ಲಿ ಎಲ್ಲರ ಎದುರು ವಾದಕ್ಕೆ ಇಳಿಯಬೇಡಿ. ಹಾಕಿದವರಿಗೆ ನೇರ ಫೋನ್ ಮಾಡಿ, "ಬೋರ್ಡು ನೋಡಿ, ಇದು ನಮ್ಮೂರಲ್ಲ, ದಯವಿಟ್ಟು ಅಳಿಸಿ" ಎಂದು ಮೆಲ್ಲಗೆ ಹೇಳಿ. ಅವರ ಮಾನ ಉಳಿದರೆ ಅಳಿಸುತ್ತಾರೆ. ಆಮೇಲೆ ಅಡ್ಮಿನ್‌ಗೆ ಹೇಳಿ. ಬೀದಿಯಲ್ಲಿ ಜನ ಸೇರುವ ಸೂಚನೆ ಕಂಡರೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ. ಟೈಲರ್ ಸಾಹೇಬರ ಅಂಗಡಿಗೆ ಈ ವಾರವೇ ಒಂದು ರವಿಕೆ ಬಟ್ಟೆ ತೆಗೆದುಕೊಂಡು ಹೋಗಿ, ಸ್ವಲ್ಪ ಹೊತ್ತು ಕೂತು ಮಾತಾಡಿ ಬನ್ನಿ.

ಪ್ರಶ್ನೆ: ಎಐ ಬಗ್ಗೆ ಬರೀ ಹೆದರಿಸುತ್ತೀರಿ. ಅದರಿಂದ ಸಮಾಜ ಕೂಡಿಸಲು ಆಗುವುದೇ ಇಲ್ಲವೇ?
– ಭದ್ರಾವತಿಯ ನಿವೃತ್ತ ಕಾರ್ಖಾನೆ ನೌಕರರು

ಉತ್ತರ: ಆಗುತ್ತದೆ ರಾಯರೇ. 2024ರ ಸೆಪ್ಟೆಂಬರಿನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಪಿತೂರಿ ಕಥೆಗಳನ್ನು ನಂಬಿದ್ದ 2,190 ಅಮೆರಿಕನ್ನರನ್ನು ಎಐ ಜೊತೆ ಮಾತಾಡಲು ಬಿಟ್ಟರು. ಅವರು ಕೊಟ್ಟ ಕಾರಣಗಳಿಗೆ ಒಂದೊಂದಾಗಿ, ಆಧಾರ ಸಹಿತ ಅದು ಉತ್ತರ ಕೊಟ್ಟಿತು. ಅವರ ನಂಬಿಕೆ ಸರಾಸರಿ ಶೇ. 20ರಷ್ಟು ಕಡಿಮೆಯಾಯಿತು, ಎರಡು ತಿಂಗಳ ನಂತರವೂ ಹಾಗೇ ಇತ್ತು. ಯಂತ್ರ ರೇಗಲಿಲ್ಲ, ದಡ್ಡ ಎನ್ನಲಿಲ್ಲ. ಮನೆಯವರ ಜೊತೆ ಮಾತಾಡುವಾಗ ನಮಗೆ ಇಲ್ಲದ ತಾಳ್ಮೆ ಅದು.

ಆದರೆ ಅದೇ ತಾಳ್ಮೆಯಿಂದ ಯಾವ ಕಡೆಗಾದರೂ ಒಲಿಸಬಹುದು. 2025ರ ಕೊನೆಗೆ ಅಮೆರಿಕ, ಕೆನಡಾ, ಪೋಲೆಂಡಿನ ಮತದಾರರ ಮೇಲೆ ನಡೆದ ಪ್ರಯೋಗಗಳ ವರದಿ ಬಂತು. ಒಬ್ಬ ಅಭ್ಯರ್ಥಿಯ ಪರ ವಾದಿಸು ಎಂದು ಹೇಳಿಕೊಟ್ಟ ಎಐ ಜೊತೆ ಸ್ವಲ್ಪ ಹೊತ್ತು ಮಾತಾಡಿದ್ದಕ್ಕೇ ಕೆಲವರ ಒಲವು ಬದಲಾಗಿತ್ತು. ಆದ್ದರಿಂದ ಯಂತ್ರ ಒಳ್ಳೆಯದಾ ಕೆಟ್ಟದ್ದಾ ಎಂದು ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ: ಅದಕ್ಕೆ ಹೇಳಿಕೊಟ್ಟವರು ಯಾರು, ಅವರ ಹೆಸರು ಎಲ್ಲಿದೆ?

ನಾನೂ ಎಐ ಬಳಸುತ್ತೇನೆ. ಇಂಗ್ಲಿಷಿನಲ್ಲಿ ಬರುವ ಸುತ್ತೋಲೆಗಳನ್ನು ನಿಮಗಾಗಿ ಸರಳ ಕನ್ನಡಕ್ಕೆ ಮಾಡಲು ಅದು ನೆರವಾಗುತ್ತದೆ. ಮೂಲದ ಜೊತೆ ಹೋಲಿಸದೆ ಒಂದು ಸಾಲನ್ನೂ ಇಲ್ಲಿಗೆ ತಂದಿಲ್ಲ. ಈ ಉತ್ತರಗಳನ್ನು ಕೈಯಲ್ಲೇ ಬರೆದಿದ್ದೇನೆ.

ಕೊನೆಗೆ, ಹೊಸನಗರದ ಅಣ್ಣನವರಿಗೆ: ಆ ಭಾನುವಾರ ಸೊಸೈಟಿಯಲ್ಲಿ ಏನಾಯಿತು ಎಂದು ನನಗೆ ಬರೆಯಿರಿ. ಜನ ಸೇರಲಿಲ್ಲ ಎಂದರೂ ಬರೆಯಿರಿ. ಐವತ್ತು ಪೈಸೆಯ ಕಾರ್ಡು ಸಾಕು.